ಏರಿನ ಐತವಾರ

ಚಳಿಗಾಲದ ಬೆಳಗು ಎಷ್ಟು ಚೆಂದ ಅಂತ ಯಾರಾದರೂ ನನ್ನ ಮುಂದೆ ಹೊಗಳಲು ಶುರು ಮಾಡಿದರೆ ನಾನು ಎದ್ದು ಹೋಗುತ್ತೇನೆ. ಮನೆಯವರಿಗೆ ಇದು ರೂಢಿಯಾಗಿದೆ. ಇವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ ಅಂತ ಬಿಟ್ಟುಬಿಡುತ್ತಾರೆ. ಸಿಟ್ಟು ಇರುವುದು ನಿಜ. ಆದರೆ ಚಳಿಗಾಲದ ಬೆಳಗು ಅಂದಕೂಡಲೇ ನನ್ನ ಕಣ್ಣಿಗೆ ಬರುವುದು ಮಂಜೂ ಅಲ್ಲ, ಕಡಲೆ ಹೊಲವೂ ಅಲ್ಲ. ಕೂಡ್ಲಿಗಿಯಿಂದ ಗುಡ್ಡದ ಕಡೆ ಹೋಗುವ ಒಂದು ರಸ್ತೆ, ಅದರ ಏರು, ಆ ಏರಿನಲ್ಲಿ ನನ್ನನ್ನು ಹಿಂದೆ ಹಾಕಿ ಹೋಗುತ್ತಿರುವ ಸೈಕಲ್ಲುಗಳ ಹಿಂದಿನ ಗಾಲಿಗಳು.

ನಮ್ಮದು ಕೂಡ್ಲಿಗಿಗೂ ಕೊಟ್ಟೂರಿಗೂ ನಡುವೆ, ರಸ್ತೆಯಿಂದ ಸ್ವಲ್ಪ ಒಳಗಿರುವ ಊರು. ಮನೆಯಲ್ಲಿ ಕುರಿಗಳಿದ್ದವು, ಒಂದಿಷ್ಟು ಬೆದ್ದಲು ಹೊಲ ಇತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೈಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ನನ್ನ ಕೆಲಸ ಅಂದರೆ ಅಪ್ಪ ಕುರಿ ಮೇಯಿಸುವ ಕಡೆ ಬುತ್ತಿ ಮುಟ್ಟಿಸುವುದು. ಇವತ್ತು ಹೊಸಹಳ್ಳಿ ಕಡೆ ಇದ್ದ ಕುರಿ ನಾಳೆ ಇನ್ನೆಲ್ಲೋ ಇರುತ್ತಿದ್ದವು. ಹುಡುಕಿಕೊಂಡು ಹೋಗಿ ಬುತ್ತಿ ಕೊಟ್ಟು, ಬರುವಾಗ ನಡೆಯಲಾರದ ಮರಿಗಳನ್ನು ಕ್ಯಾರಿಯರ್ ಮೇಲಿನ ಬುಟ್ಟಿಯಲ್ಲಿ ಹಾಕಿಕೊಂಡು ಬರುತ್ತಿದ್ದೆ. ಹಳೆಯ ಭಾರದ ಸೈಕಲ್ಲು, ಕಲ್ಲಿನ ದಾರಿ, ಹಿಂದೆ ಮರಿಗಳ ಗೋಳು. ನನ್ನ ಕಾಲು ಗಟ್ಟಿಯಾದದ್ದು ಹಾಗೆ.

ಒಂದು ವರ್ಷ ಕೂಡ್ಲಿಗಿಯಲ್ಲಿ ಹಬ್ಬಕ್ಕೆ ಸೈಕಲ್ ರೇಸು ಇಟ್ಟಿದ್ದರು. ಬುತ್ತಿ ಕೊಟ್ಟು ಬರುವ ದಾರಿಯಲ್ಲಿ ಸುಮ್ಮನೆ ನಾನೂ ನಿಂತೆ. ಬುಟ್ಟಿ ಬಿಚ್ಚಲೂ ಪುರಸೊತ್ತಿರಲಿಲ್ಲ. ಗೆದ್ದೆ. ಸ್ಟೀಲಿನ ಕೊಡ ಕೊಟ್ಟರು. ಅದನ್ನೂ ಅದೇ ಬುಟ್ಟಿಯಲ್ಲಿ ಇಟ್ಟುಕೊಂಡು ಹೊರಟಾಗ ಒಬ್ಬರು ಹ್ಯಾಂಡಲ್ ಹಿಡಿದು ನಿಲ್ಲಿಸಿದರು. ಹೈಸ್ಕೂಲೊಂದರ ಡ್ರಿಲ್ ಮಾಸ್ತರರು, ಎತ್ತರದ ಆಳು, ಕೊರಳಲ್ಲಿ ಯಾವಾಗಲೂ ಒಂದು ಸೀಟಿ.

"ಚಳಿಗಾಲಕ್ಕ ತಾಲೀಮು ಶುರು ಮಾಡ್ತೀನಿ. ಐತವಾರಕ್ಕೊಮ್ಮೆ. ಬರ್ತಿಯೇನಪಾ?" ಅಂದರು.

ಅವರು ಪ್ರತಿ ಚಳಿಗಾಲ ಸುತ್ತಲಿನ ಊರುಗಳ ಹುಡುಗರನ್ನು ಕೂಡಿಸಿ ಗುಂಪು ಕಟ್ಟುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಬಳ್ಳಾರಿಯಲ್ಲಿ ದೊಡ್ಡ ರೇಸು ಆಗುತ್ತಿತ್ತು. ಅದಕ್ಕೆ ಈ ಗುಂಪಿನಿಂದ ನಾಲ್ವರು ಹೋಗುವುದು. ಆ ನಾಲ್ವರಲ್ಲಿ ಒಬ್ಬನಾಗಿ ಓಡಿಸಿದ ಸರ್ಟಿಫಿಕೇಟು ಕೈಯಲ್ಲಿದ್ದರೆ ಪೊಲೀಸಿಗೋ ರೈಲ್ವೆಗೋ ಸೇರುವುದು ಸಲೀಸು ಅಂತ ನಾವೆಲ್ಲ ನಂಬಿದ್ದೆವು. ಹಿಂದಿನ ವರ್ಷ ಹೋದವನೊಬ್ಬ ಖಾಕಿ ಹಾಕಿಕೊಂಡು ಊರಿಗೆ ಬಂದದ್ದನ್ನು ಎಲ್ಲರೂ ನೋಡಿದ್ದರು.

ಅಪ್ಪನಿಗೆ ಇದು ಹಿಡಿಸಲಿಲ್ಲ. ಚಳಿಗಾಲ ಮುಗಿಯುತ್ತಿದ್ದಂತೆ ಕುರಿ ಹೊಡೆದುಕೊಂಡು ಹಡಗಲಿ ಕಡೆಯ ಹೊಳೆಸಾಲಿಗೆ ಹೋಗುವುದು ನಮ್ಮ ಮನೆಯ ಪದ್ಧತಿ. ಅಲ್ಲಿ ಹೊಲದವರು ಗೊಬ್ಬರಕ್ಕೆ ಕುರಿ ನಿಲ್ಲಿಸಿಕೊಳ್ಳುತ್ತಾರೆ, ತಿಂಗಳುಗಟ್ಟಲೆ ಬಯಲಿನ ವಾಸ. ಅಪ್ಪನಿಗೆ ಮೊಣಕಾಲು ಹಿಡಿದಿತ್ತು; ಆ ವರ್ಷದಿಂದ ನಾನು ಹೋಗಬೇಕಾಗಿತ್ತು. ಅವ್ವ ಮಧ್ಯೆ ಬಾಯಿ ಹಾಕಿದಳು. ಮರುದಿನ ಅಪ್ಪ ಅಂದ:

"ಸಂಕ್ರಾಂತಿತನ ನಿನ್ನ ಕಾಲು ನಿಂದು. ನಾಲ್ಕು ಮಂದ್ಯಾಗ ಬಂದ್ರ ಕುರಿಗೆ ನಾ ಬ್ಯಾರೆ ಆಳು ನೋಡ್ತೀನಿ. ಬರದಿದ್ರ ಬಾಯಿ ಮುಚ್ಕೊಂಡು ಕುರಿ ಹಿಂದ ನಡಿಬೇಕು."

ಅದು ನನಗೆ ಸಿಕ್ಕ ಚಳಿಗಾಲ. ಒಂದೇ ಒಂದು. ನನಗೆ ಕುರಿಗಳ ಮೇಲೆ ದ್ವೇಷವಿರಲಿಲ್ಲ. ಆದರೆ ಹಟ್ಟಿಯಲ್ಲಿ ಮಲಗಿ ಕಂಬಳಿಯೊಳಗೆ ಮುದುಕನಾಗುವುದು ನನಗೆ ಬೇಡವಾಗಿತ್ತು. ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಈಗ ಐತವಾರದ ಮಾತು ಹೇಳಬೇಕು. ಭಾನುವಾರಕ್ಕೆ ನಮ್ಮಲ್ಲಿ ಐತವಾರ ಅನ್ನುತ್ತಾರೆ. ಅದು ಮೈಲಾರಲಿಂಗನ ವಾರ. ನಾನು ಕೂಸಾಗಿದ್ದಾಗ ಜ್ವರ ಬಂದು ಕಾಲು ಸೋತು, ನಡೆಯುವ ವಯಸ್ಸು ದಾಟಿದರೂ ನಿಲ್ಲುತ್ತಿರಲಿಲ್ಲವಂತೆ. ಹುಡುಗ ಎದ್ದು ನಡೆದರೆ ನಿನ್ನ ಐತವಾರ ಹಿಡಿಯುತ್ತೇನೆ ಅಂತ ಅವ್ವ ಬೇಡಿಕೊಂಡಳು. ನಾನು ನಡೆದೆ. ವಾರ ಹಿಡಿಯುವುದು ಅಂದರೆ ಒಪ್ಪತ್ತು ಇರುವುದು: ಸಂಜೆ ದೀಪ ಹಚ್ಚಿ, ಹಣೆಗೆ ಭಂಡಾರದ ಅರಿಶಿಣ ಹಚ್ಚಿಕೊಂಡು, ದೇವರಿಗೆ ಎಡೆ ತೋರಿಸುವವರೆಗೆ ನೀರು ಬಿಟ್ಟರೆ ಬೇರೇನೂ ಬಾಯಿಗೆ ಹೋಗಬಾರದು. ಎಷ್ಟೋ ಮನೆಗಳಲ್ಲಿ ಹಣ್ಣಿಗೆ, ಹಾಲಿಗೆ, ಚಹಾಕ್ಕೆ ಸಡಿಲು ಬಿಟ್ಟಿದ್ದರು. ನಮ್ಮ ಮನೆಯದು ಗಟ್ಟಿ ವಾರ.

ಇನ್ನೊಂದು ಕಟ್ಟೂ ಇತ್ತು. ವಾರ ಹಿಡಿದವರು ಅದನ್ನು ಬಾಯಿಬಿಟ್ಟು ಹೇಳಬಾರದು. ಹಸಿದಿದ್ದೇನೆ ಅನ್ನಬಾರದು, ಇವತ್ತು ಒಪ್ಪತ್ತು ಅನ್ನಬಾರದು. ಹೇಳಿದರೆ ಹಿಡಿದದ್ದೆಲ್ಲ ಹೊಳೆಗೆ ಹಾಕಿದ ಹಾಗೆ. ಊಟ ಆಯಿತೇ ಅಂತ ಯಾರಾದರೂ ಕೇಳಿದರೆ ಆಯಿತು ಅಂದು ಮಾತು ತಿರುಗಿಸಬೇಕು. ಮನೆಯೊಳಗೂ ಅಷ್ಟೇ. ಯಾರು ಹಿಡಿದಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತಿರುತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಈಗಿನವರಿಗೆ ಇದು ಹುಚ್ಚಾಟ ಅನ್ನಿಸಬಹುದು, ನನಗೇನೂ ಬೇಜಾರಿಲ್ಲ.

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಒಂದು ಐತವಾರ ಅವ್ವ ಬೀಸುತ್ತಾ ಕುಳಿತವಳು ಕಲ್ಲಿನ ಮೇಲೆಯೇ ಕಣ್ಣು ಕತ್ತಲಿಟ್ಟು ಬಿದ್ದಳು. ಹಣೆ ಒಡೆದಿತ್ತು. ಆ ವರ್ಷ ಅವಳಿಗೆ ಮೈಯಲ್ಲಿ ರಕ್ತವೇ ಇರಲಿಲ್ಲ. ನಮ್ಮೂರ ಮೈಲಾರಲಿಂಗನ ಗುಡಿಯ ಗೊರವಪ್ಪ, ಕರಿ ಕಂಬಳಿಯ ಮುದುಕ, ನೋಡಲು ಬಂದವನು ಹೇಳಿದ:

"ಮಗ ಬೆಳೆದು ನಿಂತಾನ. ವಾರ ಅವನ ಹೆಗಲಿಗೆ ಹಾಕವ್ವ. ಮನ್ಯಾಗ ಒಬ್ಬರು ಹಿಡಿದ್ರ ಮುಗೀತು. ಅವ ಬಿಟ್ಟ ದಿನ ಅದು ನಿನಗ ವಾಪಸ್ ಬರ್ತೈತಿ, ಅದೊಂದು ನೆನಪಿರ್ಲಿ."

ಹಾಗೆ ಐತವಾರ ನನಗೆ ಬಂತು. ಅವ್ವ ನನ್ನ ಹಣೆಗೆ ಭಂಡಾರ ಹಚ್ಚಿದಳು, ನಾನು ಅವಳ ಕಾಲು ಮುಟ್ಟಿದೆ. ಅಂದಿನಿಂದ ಆ ವಿಷಯ ನಾವಿಬ್ಬರೂ ಬಾಯಿಗೆ ತರಲಿಲ್ಲ.

ತಾಲೀಮು ಶುರುವಾದಾಗ ಐತವಾರವೇ ಬಿತ್ತು. ಗುಂಪಿನಲ್ಲಿ ನೌಕರಿಯವರು ಇದ್ದುದರಿಂದ ಬೇರೆ ದಿನ ಆಗುವಂತಿರಲಿಲ್ಲ. ನನಗೇನೂ ಅದು ಅಡ್ಡಿ ಅನ್ನಿಸಲಿಲ್ಲ. ದೇವರ ವಾರ, ಹುರುಪು ಬರುತ್ತದೆ ಅಂದುಕೊಂಡೆ. ನಸುಕಿನಲ್ಲಿ ಎದ್ದು, ಮಡ್‌ಗಾರ್ಡು, ಸ್ಟ್ಯಾಂಡು, ಕ್ಯಾರಿಯರ್ ಎಲ್ಲ ಕಳಚಿಟ್ಟ ಸೈಕಲ್ಲು ಹತ್ತಿ ಹೊರಡುವಾಗ ಅವ್ವ ಬಾಗಿಲಲ್ಲಿ ಬುತ್ತಿಗಂಟು ಹಿಡಿದು ನಿಂತಿರುತ್ತಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ.

"ಜೋಡಿ ಹುಡುಗ್ರು ಅದಾರಲ್ಲ, ಎಲ್ಲಾರೂ ತಿನ್ರಿ" ಅನ್ನುತ್ತಿದ್ದಳು.

ಜೊತೆಯವರಿಗೆ ಅಂತ ಕಟ್ಟುತ್ತಾಳೆ ಅಂತ ನಾನು ತಿಳಿದೆ. ಬೇಡ ಅಂದರೆ ವಾರದ ಮಾತು ಎತ್ತಿದ ಹಾಗಾಗುತ್ತದೆ. ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ ಹುಡುಗರ ಮುಂದೆ ಬಿಚ್ಚುತ್ತಿದ್ದೆ. ಅವರು ಅರೆಗಳಿಗೆಯಲ್ಲಿ ಚುಕ್ತಾ ಮಾಡುತ್ತಿದ್ದರು. ಸಂಜೆ ಖಾಲಿ ಅರಿವೆ ಅವ್ವನ ಕೈಗೆ ಕೊಟ್ಟರೆ ಅವಳ ಮುಖ ಅರಳುತ್ತಿತ್ತು.

ಮೊದಮೊದಲು ಸವಾರಿಗಳು ಬಯಲಿನವೇ. ಕೂಡ್ಲಿಗಿಯಿಂದ ಕೊಟ್ಟೂರು, ಅಲ್ಲಿಂದ ಹಗರಿಬೊಮ್ಮನಹಳ್ಳಿ, ತಿರುಗಿ ಕೂಡ್ಲಿಗಿ. ಒಮ್ಮೆ ಇಟ್ಟಿಗಿ ದಾಟಿ ಹಡಗಲಿಯವರೆಗೆ. ಒಮ್ಮೆ ಹರಪನಹಳ್ಳಿ. ಕಿವಿಗೆ ಟವೆಲ್ಲು ಬಿಗಿದು, ಹ್ಯಾಂಡಲ್ ತಿರುವಿ ಹಾಕಿ, ಬಗ್ಗಿ ಒಬ್ಬರ ಹಿಂದೆ ಒಬ್ಬರು. ಮುಂದಿನವನು ಗಾಳಿ ಒಡೆಯಬೇಕು. ದಣಿದಾಗ ಬದಿಗೆ ಸರಿದು ಹಿಂದಿನವನಿಗೆ ಬಿಡಬೇಕು. ಚಳಿಗೆ ಬೆರಳು ಬ್ರೇಕಿನ ಮೇಲೆ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಕೊಟ್ಟೂರಿನ ಹೋಟೆಲಿನಲ್ಲಿ ಎಲ್ಲರೂ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಮೇಲೆ ಬಿಸಿ ಚಹಾ ಅಂತ ಕೂತರೆ ನಾನು ಹೊರಗೆ ಟ್ಯೂಬಿನ ಗಾಳಿ ನೋಡುತ್ತಾ ನಿಲ್ಲುತ್ತಿದ್ದೆ. ಗಾಳಿ ಸರಿಯಾಗಿಯೇ ಇರುತ್ತಿತ್ತು. ಎಣ್ಣೆಯಲ್ಲಿ ಬೇಯುವ ವಾಸನೆಗೆ ಹೊಟ್ಟೆ ತಾಳ ಹಾಕುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬಯಲಿನ ರಸ್ತೆಯಲ್ಲಿ ಹೇಗೋ ನಡೆಯುತ್ತಿತ್ತು. ಮೂರನೆಯವನಾಗಿ, ಕೆಲವೊಮ್ಮೆ ಎರಡನೆಯವನಾಗಿ ಮುಟ್ಟುತ್ತಿದ್ದೆ.

"ಹಗುರ ಅದಾನ ಈ ಹುಡುಗ" ಅಂತ ಮಾಸ್ತರರು ಎಲ್ಲರ ಮುಂದೆ ಹೊಗಳಿದರು. ಹಗುರವಾಗಿಯೇ ಇದ್ದೆ.

ನಾನು ಏನೂ ತಿನ್ನುವುದಿಲ್ಲ ಅನ್ನುವುದನ್ನು ಕಂಡುಹಿಡಿದವನು ಒಬ್ಬನೇ. ಕರೆಂಟಿನ ಆಫೀಸಿನಲ್ಲಿ ಹೊಸದಾಗಿ ಲೈನ್‌ಮನ್ ಆಗಿ ಸೇರಿದ್ದ ಹುಡುಗ, ಕೂಡ್ಲಿಗಿಯವನು, ನನ್ನದೇ ವಯಸ್ಸು. ಅವನ ಮನೆಯಲ್ಲಿ ಅಪ್ಪನ ಕಾಲಕ್ಕೇ ಗೋಡೆಗೆ ಬುದ್ಧನ ಪಟ ಬಂದಿತ್ತು, ವಾರ ಹರಕೆ ಯಾವುದೂ ಇರಲಿಲ್ಲ. ಗುಂಪಿನಲ್ಲಿ ನನ್ನ ಜೊತೆ ಜಗಳವಾಡದೆ ಉಳಿದವನು ಅವನೊಬ್ಬ, ಯಾಕೆಂದರೆ ನಾನು ರೇಗಿದರೆ ಅವನು ನಗುತ್ತಿದ್ದ. ಒಂದು ದಿನ ಹೋಟೆಲಿನ ಹೊರಗೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅಂದ:

"ಲೇ, ನೀ ಹೇಳಬ್ಯಾಡ. ನನಗ ಗೊತ್ತೈತಿ. ನಾ ಏನೂ ಕೇಳಂಗಿಲ್ಲ. ಆದ್ರ ಗುಡ್ಡದ ದಿನ ಇದು ನಡಿಯಂಗಿಲ್ಲ ನೋಡು."

"ನಿನ್ನ ಪೆಡಲ್ ನೀ ತುಳಿ" ಅಂದೆ. ನಗುತ್ತಾ ಎದ್ದು ಒಳಗೆ ಹೋದ.

ಗುಡ್ಡದ ದಿನ ಅಂದರೆ ಆಯ್ಕೆಯ ದಿನ. ಸಂಕ್ರಾಂತಿಗೆ ಮುಂಚಿನ ಒಂದು ಐತವಾರ. ಕೂಡ್ಲಿಗಿಯಿಂದ ಹೊರಟು ಬಂಡ್ರಿ ದಾಟಿ, ಸಂಡೂರಿನ ಕಡೆಯ ಗುಡ್ಡಗಳ ಸೀಮೆಗೆ ಹೋಗಿ ಅಲ್ಲೊಂದು ಏರು ಹತ್ತಬೇಕು. ಅದಕ್ಕೆ ಹೆಸರಿತ್ತೋ ಇಲ್ಲವೋ, ನಾವು ಬರೀ ಏರು ಅನ್ನುತ್ತಿದ್ದೆವು. ಮಾಸ್ತರರ ಕಾನೂನು ಸುಲಭದ್ದು. ಏರು ಶುರುವಾದ ಮೇಲೆ ನೆಲಕ್ಕೆ ಕಾಲು ಊರಿದವನು ಹೊರಗೆ. ಕಾಲೂರದೆ ಮೇಲೆ ಮುಟ್ಟುವ ಮೊದಲ ನಾಲ್ವರು ಬಳ್ಳಾರಿಗೆ.

ಆ ದಿನ ಗಾಳಿ ಎದುರಿನದು. ನಾವು ಎಂಟು ಹತ್ತು ಮಂದಿ ಇದ್ದೆವು. ಬಂಡ್ರಿಯವರೆಗೆ ಗುಂಪು ಒಡೆಯಲಿಲ್ಲ. ಅಲ್ಲಿಂದ ಮುಂದೆ ಸಣ್ಣ ಸಣ್ಣ ಏರಿಳಿತಗಳು. ಒಂದು ಹತ್ತಿ ಇಳಿದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಂದು. ಅದಿರು ತುಂಬಿದ ಲಾರಿಗಳು ಮೈಗೆ ತಾಗುವ ಹಾಗೆ ಹೋಗುತ್ತಿದ್ದವು. ಮಂಜಿನ ತೇವಕ್ಕೆ ಆ ಕೆಂಪು ಧೂಳು ಹುಬ್ಬಿಗೆ, ಮೀಸೆಗೆ ಮೆತ್ತಿಕೊಂಡು ಎಲ್ಲರ ಮುಖವೂ ಒಂದೇ ಆಗಿತ್ತು. ಗುಡ್ಡದ ಬುಡದಲ್ಲಿ ಮಾಸ್ತರರು ಎಲ್ಲರನ್ನೂ ಇಳಿಸಿ ಸ್ವಲ್ಪ ಹೊತ್ತು ಕೂರಿಸಿದರು. ಅವ್ವನ ಗಂಟು ಅಲ್ಲೇ ಬಿಚ್ಚಿದೆ. ರೊಟ್ಟಿ ಕೈಯಿಂದ ಕೈಗೆ ಹೋಗಿ ಮುಗಿಯಿತು. ನಾನು ನೀರು ಕುಡಿದೆ. ಖಾಲಿ ಹೊಟ್ಟೆಗೆ ತಣ್ಣೀರು ಬಿದ್ದಾಗ ನಡುಕ ಹುಟ್ಟಿತು, ಚಳಿಗೆ ಅಂದುಕೊಂಡೆ.

ಮಾಸ್ತರರು ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಮೇಲೆ ಹೋದರು. ಸೀಟಿಯನ್ನು ಕೆಳಗೆ ಉಳಿದ ಒಬ್ಬರಿಗೆ ಕೊಟ್ಟಿದ್ದರು, ಅವರು ಊದಿದರು.

ಅರ್ಧ ಏರಿನವರೆಗೆ ನಾನು ಮೂರನೆಯವನು. ಕಾಲು ಚೆನ್ನಾಗಿಯೇ ಇತ್ತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ನನ್ನ ಕಾಲನ್ನೇ ಆಡಿಕೊಂಡರು. ಎರಡನೆಯ ತಿರುವು ದಾಟಿದ ಮೇಲೆ ಮೈಯಿಂದ ಏನೋ ಇಳಿದು ಹೋದ ಹಾಗಾಯಿತು. ದಣಿವು ನನಗೆ ಗೊತ್ತಿತ್ತು, ಇದು ಅದಲ್ಲ. ಆ ಚಳಿಯಲ್ಲಿ ತಣ್ಣನೆಯ ಬೆವರು ಕಿತ್ತುಕೊಂಡಿತು. ರಸ್ತೆಯ ಅಂಚು ಎರಡಾಗಿ ಕಂಡಿತು. ತುಳಿಯುತ್ತಿದ್ದೇನೆ, ಗಾಲಿ ಮಾತ್ರ ಮರಳಿನಲ್ಲಿ ಹೂತಂತೆ. ನಾಲ್ಕನೆಯವನು ನನ್ನನ್ನು ದಾಟಿದ. ಆಮೇಲೆ ಇನ್ನಿಬ್ಬರು. ಅವರ ಉಸಿರು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

ಲೈನ್‌ಮನ್ ನನ್ನ ಮುಂದಿದ್ದವನು. ಅವನು ಹಿಂತಿರುಗಿ ನೋಡಿ, ವೇಗ ತಗ್ಗಿಸಿ, ನನ್ನ ಪಕ್ಕಕ್ಕೆ ಬಂದ. ಒಂದು ಕೈ ಬಿಟ್ಟು ಅಂಗಿಯ ಜೇಬಿನಿಂದ ಶೇಂಗಾದ ಉಂಡೆ ತೆಗೆದು ನನ್ನ ಮುಖದ ಹತ್ತಿರ ಹಿಡಿದ.

"ಬಾಯಾಗ ಹಾಕ್ಕೊ. ಒಂದ ಒಂದು."

ನಾನು ತಲೆ ಅಲ್ಲಾಡಿಸಿದೆ.

"ಲೇ, ಇಲ್ಲಿ ಯಾರದಾರ ನೋಡಾಕ? ನಾ ಯಾರಿಗೂ ಹೇಳಂಗಿಲ್ಲ. ಹಾಕ್ಕೊಳಲೇ."

ಬೆಲ್ಲದ ವಾಸನೆ ಮೂಗಿಗೆ ಬಂತು. ಬಾಯಲ್ಲಿ ನೀರೂರಿತು, ನಾಚಿಕೆಯಿಲ್ಲದ ಬಾಯಿ. ತುಟಿ ತೆರೆದಿದ್ದರೆ ಸಾಕಿತ್ತು, ಅವನೇ ಹಾಕುತ್ತಿದ್ದ. ಆಗ ನನ್ನ ಕಣ್ಣಿಗೆ ಬಂದವಳು ಅವ್ವ, ಬೀಸುಕಲ್ಲಿನ ಮೇಲೆ ಹಣೆಯಿಟ್ಟು ಬಿದ್ದವಳು. ನಾನು ತಿಂದರೆ ವಾರ ಅವಳ ತಲೆಗೆ ಹೋಗುತ್ತದೆ. ದೇವರು ನೋಡುತ್ತಾನೆ, ಶಾಪ ಕೊಡುತ್ತಾನೆ ಅನ್ನುವ ಭಯ ನನಗೆ ಆಗಲೂ ಅಷ್ಟಾಗಿ ಇರಲಿಲ್ಲ. ಆದರೆ ಮನೆಗೆ ಹೋಗಿ, ಮುರಿದೆ ಕಣವ್ವ ಅಂತ ಹೇಳಬೇಕಾಗುತ್ತಿತ್ತು. ಅಷ್ಟು ಕೇಳಿದರೆ ಸಾಕು, ಮುಂದಿನ ಐತವಾರದಿಂದ ಅವಳು ಅನ್ನ ಬಿಡುತ್ತಾಳೆ. ಹೇಳದೆ ಬಚ್ಚಿಟ್ಟುಕೊಂಡು ತಿರುಗುವ ಜಾತಿಯವನು ನಾನಲ್ಲ.

ಹಲ್ಲು ಕಚ್ಚಿದೆ. "ನಡಿ ನೀನು. ನಿಂದೂ ಹೋಗ್ತೈತಿ. ನಡಿಯಲೇ" ಅಂದೆ. ಕೆಟ್ಟ ಮಾತೂ ಬೈದೆ. ಅವನ ಮುಖ ಸಣ್ಣದಾಯಿತು. ಉಂಡೆಯನ್ನು ಜೇಬಿಗೆ ಹಾಕಿಕೊಂಡು, ಎದ್ದು ನಿಂತು ತುಳಿದು ಹೋದ.

ಕೊನೆಯ ತಿರುವು ದಾಟಿದೆ. ಅದಂತೂ ಖರೆ. ಮೇಲೆ ಮಾಸ್ತರರು ಕಾಣಿಸಿದರು, ಪಕ್ಕದಲ್ಲಿ ಮುಟ್ಟಿದ ಹುಡುಗರು. ಮೂವರು. ನನಗಿಂತ ಮುಂದೆ ಒಬ್ಬ ಲೈನ್‌ಮನ್. ನನ್ನನ್ನು ದಾಟಿದ್ದವರಲ್ಲಿ ಒಬ್ಬ ಅಷ್ಟರಲ್ಲಿ ಕಾಲೂರಿ, ರಸ್ತೆ ಬದಿಗೆ ಸೈಕಲ್ಲು ಚೆಲ್ಲಿ ಕೂತಿದ್ದ. ಲೈನ್‌ಮನ್ ನಿಧಾನ ಮಾಡಿದ. ತಿರುಗಿ ನನ್ನನ್ನು ನೋಡಿ, ಬಾ ಅನ್ನುವ ಹಾಗೆ ಕೈ ಮಾಡಿದ. ನನಗೆ ದಾರಿ ಬಿಡಲು ಕಾಯುತ್ತಿದ್ದ ಅವನು. ಇವತ್ತಿಗೂ ನನಗೆ ಅದರಲ್ಲಿ ಅನುಮಾನವಿಲ್ಲ. ಅವನಿಗೆ ನೌಕರಿ ಇತ್ತು, ನನಗೆ ಇರಲಿಲ್ಲ. ಮಾಸ್ತರರು ಅಲ್ಲಿಂದ, "ಬಾರೋ, ಮುಗೀತು, ಬಂದ್ಬಿಡು" ಅನ್ನುತ್ತಿದ್ದುದು ಕೇಳಿಸುತ್ತಿತ್ತು.

ಕಾಲು ನಾನು ಊರಲಿಲ್ಲ. ಅದೇ ಊರಿಕೊಂಡಿತು. ಪೆಡಲಿನಿಂದ ಜಾರಿ ನೆಲ ಮುಟ್ಟಿದ್ದು ನನಗೆ ಕಂಡದ್ದು ಆಮೇಲೆ, ಯಾರದೋ ಕಾಲನ್ನು ನೋಡಿದ ಹಾಗೆ. ಸೈಕಲ್ಲಿನ ಸಮೇತ ಬಲಕ್ಕೆ ವಾಲಿ ಬಿದ್ದೆ.

ಮಾಸ್ತರರು ಇಳಿದು ಬಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ರಟ್ಟೆ ಹಿಡಿದು ಎಬ್ಬಿಸಿ, ಮಂಡಿಯ ರಕ್ತ ಒರೆಸಿ, "ಬಯಲಿಗೆ ಛಲೋ ಅದಿಯಪಾ ನೀನು. ಏರಿಗೆ ನಿನ್ನಾಗ ದಮ್ಮಿಲ್ಲ" ಅಂದರು.

ಲೈನ್‌ಮನ್ ಅವರ ಮುಂದೆ ಬಂದು ನಿಂತ. "ಸರ್, ಇವ ಬೆಳಿಗ್ಗಿಂದ..." ಅಂತ ಶುರು ಮಾಡಿದ. ನಾನು ಅವನ ತೋಳನ್ನು ಎಷ್ಟು ಜೋರಾಗಿ ಹಿಡಿದೆನೆಂದರೆ ಉಗುರು ನಾಟಿತು. ಅವನು ನನ್ನ ಕಣ್ಣು ನೋಡಿ ಮಾತು ನುಂಗಿದ. ಅವನು ನಾಲ್ಕನೆಯವನಾಗಿ ಬಳ್ಳಾರಿಗೆ ಹೋದ. ಆ ದಿನದ ನಂತರ ನಾನು ರೇಗಿದರೆ ಅವನು ನಗುವುದು ನಿಂತಿತು, ಆಮೇಲೆ ಬರುವುದೂ ಕಡಿಮೆಯಾಯಿತು. ತಪ್ಪು ಅವನದಲ್ಲ. ಬಾಯಿಗೆ ಹಿಡಿದ ಅನ್ನವನ್ನು ಬೈದು ತಳ್ಳಿದವನ ಜೊತೆ ಯಾರು ಎಷ್ಟು ದಿನ ಇರುತ್ತಾರೆ.

ಮಾಮೂಲಿಯಾಗಿ ಐತವಾರ ನಾನು ಮನೆ ಸೇರುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ತಾಲೀಮು ಮಧ್ಯಾಹ್ನಕ್ಕೇ ಮುಗಿದರೂ ಕೂಡ್ಲಿಗಿಯ ಸೈಕಲ್ ಶಾಪಿನಲ್ಲಿ ಚೈನಿಗೆ ಎಣ್ಣೆ ಬಿಡುತ್ತಾ ಹೊತ್ತು ಕಳೆಯುತ್ತಿದ್ದೆ. ಮನೆಗೆ ಬೇಗ ಹೋದರೆ ಉಣ್ಣು ಅನ್ನುವವರು, ಆಯಿತು ಅನ್ನುವ ನಾನು, ಈ ನಾಟಕವೆಲ್ಲ ಯಾಕೆ ಅಂತ. ಆ ದಿನ ಮಾತ್ರ ಕಾಲಲ್ಲಿ ತ್ರಾಣವಿರಲಿಲ್ಲ. ಮಾಸ್ತರರು ಒಂದು ಲಾರಿ ನಿಲ್ಲಿಸಿ ನನ್ನನ್ನೂ ಸೈಕಲ್ಲನ್ನೂ ಹತ್ತಿಸಿದರು. ನಮ್ಮೂರ ದಾರಿಯಲ್ಲಿ ಇಳಿದು ಸೈಕಲ್ಲು ತಳ್ಳಿಕೊಂಡು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು.

ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ನನ್ನ ಮುಖ ನೋಡಿದ, ಮಂಡಿ ನೋಡಿದ. ಹಗ್ಗ ಹೊಸೆಯುವ ಕೈ ಒಂದು ಗಳಿಗೆ ನಿಂತು ಮತ್ತೆ ನಡೆಯಿತು. ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿದಿತ್ತು.

ಒಳಗೆ ಅವ್ವ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ನನ್ನನ್ನು ಕಂಡವಳೇ ಗಡಬಡಿಸಿ ಎದ್ದಳು. ಎದ್ದವಳು ಗೋಡೆ ಹಿಡಿದುಕೊಂಡಳು. ನಾನು, ಆಗಲಿಲ್ಲವ್ವ, ಏರಿನಲ್ಲಿ ಕಾಲೂರಿದೆ ಅಂದೆ. ಅವಳು ತಟ್ಟೆ ತೆಗೆದು ರೊಟ್ಟಿ ಹಾಕಿ, ಪಲ್ಯ ಬಡಿಸಿ ಮುಂದೆ ಇಟ್ಟಳು.

"ಉಣ್ಣು ಮೊದಲು. ದಣದು ಬಂದಿ."

"ದೀಪ ಹಚ್ಚಲಿ" ಅಂದುಬಿಟ್ಟೆ. ದಣಿವಿಗೆ ಬಾಯಿಯ ಮೇಲೆ ಹಿಡಿತವಿರಲಿಲ್ಲ. ವಾರ ನನ್ನ ಹೆಗಲಿಗೆ ಬಂದ ಮೇಲೆ ಮೊದಲ ಸಲ ಅದು ನನ್ನ ಬಾಯಿಂದ ಬಂದದ್ದು.

ಅವ್ವ ನೀರಿನ ಚೊಂಬು ಹಿಡಿದು ಹಾಗೇ ನಿಂತಳು.

"ನೀ ಯಾಕ ದೀಪಕ್ಕ ಕಾಯ್ತಿ?"

"ಮತ್ತ ಯಾರು ಕಾಯ್ಬೇಕು?"

"ನಾನು" ಅಂದಳು. ಚೊಂಬು ಕೆಳಗಿಟ್ಟಳು. "ನಾ ಹಿಡಿದೀನೋ ಯಪ್ಪಾ. ನೀ ಸೈಕಲ್ ಹತ್ತಿದ ಮೊದಲನೇ ಐತವಾರನ ದೇವರ ಮುಂದ ಕೈ ಮುಗಿದು ವಾರ ತಿರುಗಿ ಇಸ್ಕೊಂಡೆ. ಹಸಿದ ಹುಡುಗ ಗುಡ್ಡದಾಗ ಎಲ್ಲಿ ಬೀಳ್ತಾನೋ ಅಂತ. ಅದಕ್ಕ ಬುತ್ತಿ ಕಟ್ಟಿ ಕಳಸ್ತಿದ್ದೆ. ಅರಿವಿ ಖಾಲಿ ಬರ್ತಿತ್ತು. ನೀ ಉಣ್ತಿ ಅಂತ ತಿಳಕೊಂಡಿದ್ನೆಪ್ಪಾ."

ನನಗೆ ಮೊದಲು ಬಂದದ್ದು ಸಿಟ್ಟು. ಅವಳ ಮೇಲೆ, ಗೊರವಪ್ಪನ ಮೇಲೆ, ಆ ದೇವರ ಮೇಲೆ, ಗೋಡೆಯ ಮೇಲೆ. "ಹೇಳಾಕ ಏನಾಗಿತ್ತು ನಿನಗ?" ಅಂದೆ.

"ಹೇಳಬಾರ್ದಲ್ಲೋ. ನೀ ಯಾಕ ಹೇಳ್ಲಿಲ್ಲ?"

ಇಡೀ ಚಳಿಗಾಲ ಒಂದೇ ಮನೆಯಲ್ಲಿ, ಒಂದೇ ದೇವರಿಗೆ, ಒಂದೇ ವಾರಕ್ಕೆ ಇಬ್ಬರು ಹಸಿದಿದ್ದೆವು. ಒಬ್ಬರು ಸಾಕಾಗಿತ್ತು. ಮನೆಯಲ್ಲಿ ಅವಳು ಉಂಡಳೋ ಇಲ್ಲವೋ ಅಂತ ನಾನು ನೋಡಿರಲಿಲ್ಲ. ಸಂಜೆಯ ಭಂಡಾರ ಮನೆಯವರೆಲ್ಲ ಹಚ್ಚಿಕೊಳ್ಳುತ್ತಿದ್ದುದರಿಂದ ಹಣೆ ನೋಡಿಯೂ ತಿಳಿಯುತ್ತಿರಲಿಲ್ಲ. ಹೆಂಗಸರು ಯಾವಾಗ ಉಣ್ಣುತ್ತಾರೆ ಅಂತ ನಮ್ಮ ಮನೆಗಳಲ್ಲಿ ಯಾರು ನೋಡುತ್ತಿದ್ದರು. ನಾನು ಉಂಡೆನೋ ಇಲ್ಲವೋ ಅಂತ ನೋಡಲು ಅವಳು ಗುಡ್ಡಕ್ಕೆ ಬರುವಂತಿರಲಿಲ್ಲ.

ಆ ಸಂಕ್ರಾಂತಿ ಕಳೆದ ಮೇಲೆ ನಾನು ಕುರಿ ಹೊಡೆದುಕೊಂಡು ಹೊಳೆಸಾಲಿಗೆ ಹೋದೆ. ಮುಂದಿನ ವರ್ಷವೂ ಹೋದೆ, ಅದರ ಮುಂದಿನ ವರ್ಷವೂ. ಸೈಕಲ್ಲಿಗೆ ಮತ್ತೆ ಕ್ಯಾರಿಯರ್ ಕೂತಿತು. ಬಹಳ ವರ್ಷ ನನ್ನ ಬದುಕು ಕಂಬಳಿಯೊಳಗೇ ಕಳೆಯಿತು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಎಲ್ಲರೂ ಬದುಕಿದ ಹಾಗೆ ಬದುಕಿದೆ. ಆ ಸಂಜೆಯದು ಮಾತ್ರ ಇನ್ನೊಂದು ಮಾತಿದೆ.

ಅವ್ವ ತಟ್ಟೆಯನ್ನು ಮುಚ್ಚಿಟ್ಟು, "ಎಷ್ಟು ಉಳಿದಿತ್ತು?" ಅಂತ ಕೇಳಿದಳು.

"ಯಾವ್ದು?"

"ಮ್ಯಾಲ ಮುಟ್ಟಾಕ. ನೀ ಕಾಲೂರಿದಲ್ಲ, ಅಲ್ಲಿಂದ."

ಸುಳ್ಳು ಹೇಳಬಹುದಿತ್ತು. ಇನ್ನೂ ಅರ್ಧ ಗುಡ್ಡ ಇತ್ತವ್ವ, ಉಂಡಿದ್ದರೂ ಆಗುತ್ತಿರಲಿಲ್ಲ ಅನ್ನಬಹುದಿತ್ತು. ಅಷ್ಟು ಚುರುಕು ಬುದ್ಧಿ ನನಗೆ ಯಾವತ್ತೂ ಇದ್ದದ್ದಲ್ಲ. ಬಾಗಿಲಿಗೆ ಬಂದು, ಎದುರು ಮನೆಯ ಮುಂದಿನ ಬೇವಿನ ಗಿಡದ ಕಡೆ ಕೈ ತೋರಿಸಿ, ಇಲ್ಲಿಂದ ಅಲ್ಲಿಗೆ ಅಂದೆ.

ಅವ್ವ ಸೆರಗು ಸಿಕ್ಕಿಸಿಕೊಂಡು ಹೊಸ್ತಿಲು ದಾಟಿದಳು. ಅಂಗಳದಲ್ಲಿ ಅಪ್ಪನನ್ನು ದಾಟಿ, ಬೀದಿ ದಾಟಿ, ಆ ಗಿಡದವರೆಗೆ ನಡೆದಳು. ಹಸಿದ ಕಾಲಿನ ನಡಿಗೆ, ನಿಧಾನ. ಗಿಡ ಮುಟ್ಟಿ ತಿರುಗಿ ನಿಂತು ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. ಕೂಗಿ ಕೇಳುವಷ್ಟು ದೂರವೂ ಇರಲಿಲ್ಲ.

"ಇಷ್ಟ ಏನೋ?" ಅಂದಳು.

ನಾನು ಹೌದು ಅಂದೆ.